ವಲ್ಲಿ ಎತ್ತಿದವಳು

ಸುಳ್ಳ ಗ್ರಾಮದ ಗುರುಬಸವನ ಮಾತು ಬೆಣ್ಣೆ, ಕೈಯೋ ಕೊಡಲಿ. ಮಾತು ಊರಿಗೆಲ್ಲ ಗೊತ್ತು, ಕೈ ಹೆಂಡತಿ ದಾಕ್ಷಾಯಿಣಿಗೆ ಮಾತ್ರ. ದನದ ಸಂತೆಯ ದಲಾಲಿಯಲ್ಲಿ ಮೇಲೆ ಬಂದವನು. ಅಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ಬಟ್ಟೆ, ವಲ್ಲಿಯನ್ನು ಇಬ್ಬರ ಕೈಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದು ತಿಳಿಸುತ್ತಾರೆ. ವಲ್ಲಿ ಎತ್ತಿ ನೋಡಿದವರು ಮಾನಗೆಟ್ಟವರು.

ಹುಬ್ಬಳ್ಳಿಯ ಶೋರೂಮಿಗೆ ಅಂದು ಕಾರು ಬಂದಿತ್ತು. ಮಗಳು ಭಾಗ್ಯಶ್ರೀಯ ಲಗ್ನಕ್ಕೆಂದು ಬಣ್ಣ, ಸೀಟು ಎಲ್ಲ ಹೇಳಿ ಫ್ಯಾಕ್ಟರಿಯಿಂದ ತರಿಸಿದ ಕಾರು. ನೋಡಲು ಗಂಡ ಹೆಂಡತಿಯ ಜೊತೆಗೆ ಉಪ್ಪಿನಬೆಟಗೇರಿಯಿಂದ ಬೀಗ ಮಡಿವಾಳಪ್ಪನೂ ಬಂದಿದ್ದ. ಬುಕ್ ಮಾಡಿದ ಮೇಲೆ ಕಂಪನಿ ದರ ಏರಿಸಿತ್ತು.

“ಗಾಡಿ ಬಂದ ದಿನದ ರೇಟ್ ಹಿಡಿತಾರ್ರಿ ಕಾಕಾ. ನನ್ನ ಕೈಯಾಗ ಏನೂ ಇಲ್ರಿ,” ಎಂದ ಸೇಲ್ಸ್‌ಮನ್ ಪ್ರಸಾದ.

“ಕೈಯಾಗ ಏನೈತಿ ನೋಡೂಣು, ತಾ ಇಲ್ಲೆ,” ಎಂದು ಗುರುಬಸವ ನಗುತ್ತ ಹುಡುಗನ ಕೈ ಎಳೆದು ವಲ್ಲಿ ಹೊದಿಸಿದ.

ಎಲ್ಲರೂ ನಕ್ಕರು. ಪ್ರಸಾದನೂ ನಕ್ಕ. ಆಮೇಲೆ ಅವನ ನಗು ನಿಂತು ಹಣೆಯಲ್ಲಿ ಬೆವರು ಕಿತ್ತಿತು.

“ಹಳೇ ರೇಟ್ ಅನ್ನಪಾ,” ಎಂದ ಗುರುಬಸವ, ಕೂಸಿಗೆ ಹೇಳಿದಷ್ಟು ಮೆತ್ತಗೆ.

“ಆಗೂದಿಲ್ರಿ... ಕಾಕಾ, ಬಿಡ್ರಿ...”

“ಜಗ್ಗಬ್ಯಾಡೋ ತಮ್ಮಾ!” ಎಂದು ಮಡಿವಾಳಪ್ಪ ತಮಾಷೆ ಮಾಡಿದ.

ವಲ್ಲಿಯೊಳಗೆ ಏನು ನಡೆದಿದೆ ಎಂದು ದಾಕ್ಷಾಯಿಣಿಗೆ ಗೊತ್ತಿತ್ತು. ಅವಳ ಎಡಗೈ ಕಿರುಬೆರಳು ಸೊಟ್ಟ. ಒಂದು ಮದುವೆಯಲ್ಲಿ, ಜನರ ನಡುವೆ, ಅವಳ ಸೆರಗಿನ ಕೆಳಗೇ ಅದನ್ನು ಮುರಿದು, ಗಂಡ ಬಾಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಅವಳು ಊರಿಗೆಲ್ಲ ಹೇಳಿದ್ದಳು. ಈಗ ಬಾಯಿ ಬಿಟ್ಟರೆ ಮಗಳ ಲಗ್ನ ಮುರಿದೀತು. ಇಂಥ ಮನೆಯ ಹೆಣ್ಣನ್ನು ಯಾರು ತಂದುಕೊಂಡಾರು?

ಪ್ರಸಾದ ನೋವಿಗೆ ನೆಲಕ್ಕೆ ಕುಕ್ಕರಿಸಿದ. ಅವಳಿಗೆ ಮಗಳ ಮುಖ ನೆನಪಾಯಿತು, ಆದರೂ ಕೈ ತಡೆಯಲಿಲ್ಲ. ವಲ್ಲಿಯನ್ನು ಕಿತ್ತೆಸೆದಳು.

ಹುಡುಗನ ನಡುಬೆರಳು ಗುರುಬಸವನ ಮುಷ್ಟಿಯಲ್ಲಿ ಹಿಂದಕ್ಕೆ, ಮುಂಗೈಯತ್ತ ಮಡಚಿತ್ತು. ಎಲ್ಲರೂ ನೋಡುತ್ತಿರುವಾಗಲೇ ಅದು ಲಟಕ್ಕೆಂದಿತು. ಹುಡುಗ ಕಿರುಚಿದ.

ಗುರುಬಸವ ತಿರುಗಿ ಹೆಂಡತಿಯ ಕಪಾಳಕ್ಕೆ ಹೊಡೆದ ರಭಸಕ್ಕೆ ಅವಳು ಹೊಸ ಕಾರಿನ ಬಾಗಿಲಿಗೆ ಹಣೆ ಬಡಿದು ಕೆಳಗೆ ಬಿದ್ದಳು. ತುಟಿ ಒಡೆದು ರಕ್ತ ಸೀರೆಗಿಳಿಯಿತು. ಮ್ಯಾನೇಜರ್ ಪೊಲೀಸರಿಗೆ ಫೋನ್ ಹಚ್ಚಲು ಒಳಗೆ ಓಡಿದ.

ಇನ್ನು ಬೀಗರು ಎದ್ದು ಹೋಗುತ್ತಾರೆ ಎಂದುಕೊಂಡು ಅವಳು ತಲೆ ಎತ್ತಿದಳು. ಮಡಿವಾಳಪ್ಪ ಕುರ್ಚಿಯಿಂದ ಎದ್ದಿರಲೇ ಇಲ್ಲ.

“ಗಂಡಸರ ವ್ಯಾಪಾರದಾಗ ಕೈ ಹಾಕಿದ್ರ ಮತ್ತೇನಾಗತೈತ್ರಿ ತಂಗೀ?” ಎಂದ ಸಮಾಧಾನವಾಗಿ. “ನಮ್ಮ ಮನ್ಯಾಗೂ ಇದ ಪದ್ಧತಿ. ನೀವೇನ್ ಕಾಳಜಿ ಮಾಡಬ್ಯಾಡ್ರಿ, ಲಗ್ನಕ್ಕ ಏನೂ ಧಕ್ಕೆ ಇಲ್ಲ.”

ದಾಕ್ಷಾಯಿಣಿಗೆ ಮೈಯೆಲ್ಲ ಉರಿದು ಹೋಯಿತು. ಕಾರಿನ ಬಾಗಿಲು ಹಿಡಿದು ಎದ್ದು ನಿಂತಳು.

“ನನ್ನ ಮಗಳನ್ನ ನಿಮಗ ಕೊಡೂದಿಲ್ಲ,” ಎಂದಳು.

ಗುರುಬಸವ ಇನ್ನೊಂದು ಏಟು ಹಾಕಿದ. ಅವಳು ಬಾಯೊಳಗಿನ ರಕ್ತ ಉಗುಳಿ, ಶೋರೂಮಿಗೆಲ್ಲ ಕೇಳುವಂತೆ ಮತ್ತೆ ಅದನ್ನೇ ಅಂದಳು.