ಎಪ್ಪತ್ತು ದಾಟಿದವರ ಭಾನುವಾರ

ಸಿದ್ದಲಿಂಗೇಶ್ ಹೊಂಗೆಮರದಡಿಯ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದ. ಐದನೆಯದಕ್ಕೆ ಕೈಹಾಕುವಷ್ಟರಲ್ಲಿ ಅವನ ಅಪ್ಪ ಸೋಮಶೇಖರಪ್ಪ ಬಂದು ಅದರ ಮೇಲೆ ಕೂತುಬಿಟ್ಟರು.

"ಏಳಪ್ಪಾಜಿ. ಮನೇಲಿ ಜನ ಸೇರವ್ರೆ."

"ಕುರ್ಚಿ ಇದ್ದಂಗೇ ಇರ್ಲಿ ಕಣೋ."

"ಅಮ್ಮ ಹೋಗಿರೋ ದಿನ ಪಾರ್ಟಿ ಮಾಡಾಕಾಗುತ್ತಾ? ಬರೋರೆಲ್ಲ ಈಗ ಸಾವಿಗೆ ಬತ್ತಾರೆ."

"ಸಾವಿಗೆ ಬಂದೋರ್ಗೆ ಮಂಡಿನೋವು ಇರಲ್ವಾ?"

ಪೇರಿಸಿದ್ದನ್ನು ಮತ್ತೆ ಬಿಡಿಸಿ ಹಾಕಲು ಮಗನಿಗೆ ಮನಸ್ಸಾಗಲಿಲ್ಲ, ಹಾಗೇ ಬಿಟ್ಟು ಒಳಗೆ ಹೋದ.

ಅವನ ಅಮ್ಮ ಮಲ್ಲಿಕಾಂಬ ಅಂದು ಬೆಳಗಿನ ಜಾವ ಐದಕ್ಕೆ ಎದ್ದು, ಒಲೆಯ ಮೇಲೆ ನೀರಿಟ್ಟು, ಅಡುಗೆಮನೆಯ ಗೋಡೆಗೊರಗಿ ಕೂತವರು ಮತ್ತೆ ಏಳಲಿಲ್ಲ. ನೀರು ಕುದ್ದು ಅರ್ಧವಾಗುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಎಪ್ಪತ್ತೊಂದು ವರ್ಷ. ಆಸ್ಪತ್ರೆ ಕಂಡದ್ದು ಹೆರಿಗೆಗೆ ಒಂದು ಸಲ, ಕಣ್ಣಿನ ಪೊರೆಗೆ ಒಂದು ಸಲ. ಪಂಚನಹಳ್ಳಿಯಲ್ಲಿ ಆಕೆಯ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಈ ಭಾನುವಾರವೊಂದನ್ನು ಬಿಟ್ಟರೆ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಎಂಟು ವರ್ಷದಿಂದ, ಎಪ್ಪತ್ತು ದಾಟಿದವರನ್ನು ತೋಟಕ್ಕೆ ಕರೆಯುತ್ತಿದ್ದರು. ಊರಿನವರು, ಯಗಟಿಯವರು, ಕಡೂರಿನ ಗೆಳತಿ ಸೈದಾನಿ ಬಿ ಮತ್ತು ಆಕೆಯ ಬೀದಿಯವರು. ಇಬ್ಬನಿ ಆರಿದ ಮೇಲೆ ಶುರು, ಒಂದು ಗಂಟೆಯ ಬಸ್ಸಿಗೆ ಮುಗಿತಾಯ. ತೆಂಗಿನ ಮರದಡಿ ಕುರ್ಚಿ ಹಾಕುವಂತಿಲ್ಲ, ಕಾಯಿ ಬಿದ್ದರೆ ಗತಿಯೇನು; ಹೊಂಗೆಯಡಿಯೇ ಆಗಬೇಕು. ಕುರ್ಚಿಗೆ ಕೈ ಇರಲೇಬೇಕು, ಊರಿ ಏಳಲಿಕ್ಕೆ. ದಾರಿಯ ಗರಿ, ಮಟ್ಟೆ, ಡ್ರಿಪ್ ಪೈಪು ಎಲ್ಲ ಹಿಂದಿನ ದಿನವೇ ಬದಿಗೆ. ಹಲ್ಲಿಲ್ಲದವರ ಮುಂದೆ ನಿಪ್ಪಟ್ಟು ಇಡುವುದು ಪಾಪವೆಂದು ಹಿತಕಿದಬೇಳೆ ಹಾಕಿದ ಮೆತ್ತನೆಯ ಉಪ್ಪಿಟ್ಟು. ಆಮೇಲೆ ಚೌಕಾಬಾರ, ಹಾಡು, ಒಬ್ಬರನ್ನೊಬ್ಬರು ಆಡಿಕೊಂಡು ಕೆಮ್ಮು ಬರುವಷ್ಟು ನಗುವುದು. ಕಿವಿ ಕೇಳದವರಿಗೆ ಮುಂದಿನ ಸಾಲು.

*

ಸೋಮಶೇಖರಪ್ಪ ಮಾತ್ರ ಒಂದು ವರ್ಷವೂ ಅಲ್ಲಿಗೆ ಹೋದವರಲ್ಲ. ಎಪ್ಪತ್ತಾರಾದರೂ ಮೀಸೆಗೆ ಬಣ್ಣ ಹಚ್ಚುವುದು ಬಿಟ್ಟಿರಲಿಲ್ಲ.

"ನಂಗಿನ್ನೂ ಎಪ್ಪತ್ತಾಗಿಲ್ಲ ಕಣೇ."

"ಹಂಗಾದ್ರೆ ನಾನು ನಿಮ್ಗೆ ಅಕ್ಕ ಆಗ್ಬೇಕು. ಕಾಲಿಗೆ ಬೀಳಿ ಮತ್ತೆ," ಎಂದಿದ್ದರು ಹೋದ ವರ್ಷ ಮಲ್ಲಿಕಾಂಬ.

ಆದರೂ ಗಂಡನಿಗೆಂದು ಒಂದು ಕುರ್ಚಿ ಹಾಕಿಸುತ್ತಿದ್ದರು. ಬೀಟೆ ಮರದ್ದು, ಎತ್ತರದ ಬೆನ್ನಿನದು, ಹಿಂದೆ ಮಾವ ಕೂರುತ್ತಿದ್ದದ್ದು. ಯಾರಾದರೂ ಅದರಲ್ಲಿ ಕೂರಲು ಹೋದರೆ "ಅದು ನಮ್ಮನೆಯೋರ್ದು, ಈಗ ಬತ್ತಾರೆ" ಎಂದು ತಡೆಯುತ್ತಿದ್ದರು. ಆ ಯಜಮಾನರು ಪಂಪ್‌ಹೌಸಿನಲ್ಲಿ ಕೂತು ಹೊಂಗೆಯಡಿಯ ನಗುವನ್ನು ಕೇಳಿಸಿಕೊಳ್ಳುತ್ತಿದ್ದರು. ಎಲ್ಲರಿಗೂ ಕೊಟ್ಟಾದ ಮೇಲೆ ಮಲ್ಲಿಕಾಂಬ ಒಂದು ಲೋಟ ಕಾಫಿಗೆ, ಆರದಂತೆ, ತಟ್ಟೆ ಮುಚ್ಚಿಕೊಂಡು ಅಲ್ಲಿಗೇ ತರುತ್ತಿದ್ದರು. ಆ ದಿನ ಆಕೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಕೂತ್ಕೊಳಮ್ಮ ಎಂದರೆ "ಎಲ್ಲಾರ್ದೂ ಆಗ್ಲಿ" ಎಂದು ಕೆಟಲ್ ಹಿಡಿದು ಮುಂದೆ ಹೋಗುತ್ತಿದ್ದರು.

ಸಾಯುವ ಹಿಂದಿನ ಸಂಜೆ ಗಂಡಹೆಂಡತಿ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದರು.

"ನಾಳೆ ನೀವೂ ಬನ್ನಿ ಕಣ್ರೀ. ಯಾಕೋ ಕಾಲು ಎಳೀತದೆ. ಕಾಫಿ ನೀವು ಕೊಡಿ, ನಾನು ಸ್ವಲ್ಪ ಕೂತ್ಕೋತೀನಿ."

"ನೋಡಾನ," ಎಂದರು ಸೋಮಶೇಖರಪ್ಪ.

ಅವರ ಬಾಯಲ್ಲಿ ನೋಡಾನ ಎಂದರೆ ಇಲ್ಲ ಎಂದೇ. ಆದರೆ ಈ ಸಲ ಹೋಗುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದರು. ಬಾಯಿಬಿಟ್ಟು ಹೂಂ ಎಂದಿದ್ದರೆ ತನ್ನ ಗಂಟೇನು ಹೋಗುತ್ತಿತ್ತು ಎಂದು ಬೆಳಗಿನಿಂದ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

*

ಹತ್ತೂವರೆಗೆ ತೋಟದ ಗೇಟಿನಲ್ಲಿ ಆಟೋ ನಿಂತಿತು. ಸೈದಾನಿ ಬಿ ಹೊಸ ಸೀರೆಯುಟ್ಟು, ಸೇವಂತಿಗೆ ಹೂವಿನ ಪೊಟ್ಟಣ ಹಿಡಿದು ಇಳಿದರು. ಹಿಂದೆ ಮೂರು ಜನ. ಮೊಬೈಲಿಲ್ಲದ ಅವರಿಗೆ ಸುದ್ದಿ ಮುಟ್ಟಿರಲಿಲ್ಲ.

"ಎಲ್ಲಿ ನಮ್ಮ ಮಲ್ಲಿ? ಗೇಟಲ್ಲೇ ನಿಂತಿರ್ತಿದ್ಲು!"

ಪಕ್ಕದ ಮನೆಯ ವಿಮಲಮ್ಮ ಓಡಿಬಂದು ಕೈಹಿಡಿದು ವಿಷಯ ಹೇಳಿದರು. ಸೈದಾನಿ ಬಿ "ಯಾ ಅಲ್ಲಾ" ಎಂದು ಅಲ್ಲೇ ಕುಸಿದರು. ಅವರನ್ನು ಎತ್ತಲು ಇಬ್ಬರು ಬೇಕಾಯಿತು.

ಮನೆಯೊಳಗೆ ಮೀಯಿಸಿ, ವಿಭೂತಿ ಧರಿಸಿ ಆಗಿತ್ತು. ಆ ಮನೆಯವರ ಪದ್ಧತಿಯಲ್ಲಿ ಹೆಣವನ್ನು ಕೂರಿಸುತ್ತಾರೆ. ಮಣ್ಣಿಗಿಡುವುದೂ ಕೂತ ಹಾಗೆಯೇ. ನಡುಮನೆಯ ಗೋಡೆಗೆ ಹಲಗೆ ಒರಗಿಸುತ್ತಿದ್ದ ಮಲ್ಲಿಕಾಂಬರ ತಮ್ಮ ಬಸವರಾಜನನ್ನು ಸೋಮಶೇಖರಪ್ಪ ತಡೆದರು.

"ಇಲ್ಲಿ ಬೇಡ. ಹೊಂಗೆಯಡಿ ಕೂರಿಸಾನ. ನನ್ನ ಕುರ್ಚಿ ಐತಲ್ಲ."

"ತೋಟದಾಗಾ ಭಾವ?"

"ಗುಂಡಿ ತೋಡ್ತಿರೋದೂ ತೋಟದಾಗೇ ಅಲ್ವೇನೋ? ವಿಮಲಮ್ಮ, ಆ ಹಿತಕಿದಬೇಳೆ ನಿಮ್ಮನೆಗೆ ತಗೊಂಡೋಗಿ ಉಪ್ಪಿಟ್ಟು ಮಾಡ್ಬಿಡವ್ವ. ಕಾಫಿನೂ ಅಲ್ಲೇ ಆಗ್ಲಿ."

ಬಸವರಾಜನಿಗೆ ಸಿಟ್ಟು ಬಂತು. "ಮಣ್ಣಾಗೋಕ್ ಮುಂಚೆ ಉಪ್ಪಿಟ್ಟು ಹಂಚ್ತೀರಾ? ಊರೋರು ಬಾಯಿಗ್ ಬಂದಂಗೆ ಆಡ್ಕಂತಾರೆ."

"ಆಡ್ಕಳ್ಳಿ ಬಿಡೋ. ಮಣ್ಣು ಮಾಡಿಸೋ ಅಯ್ಯನೋರು ಬರೋದು ಎರಡು ಗಂಟೆಗೆ. ಅಲ್ಲಿಗಂಟ ಶುಗರ್ ಮಾತ್ರೆ ನುಂಗಿರೋರು ಹಸ್ಕಂಡು ಕೂತಿರ್ಬೇಕಾ? ಮನೆಯೋರು ನಾವು ತಿನ್ನಲ್ಲ, ಆಯ್ತಲ್ಲ. ಅವ್ರು ನಿಮ್ಮಕ್ಕ ಕರೆದಿರೋ ಜನ ಕಣೋ. ಬರೀ ಹೊಟ್ಟೇಲಿ ಕಳ್ಸಿದ್ರೆ ಅವ್ಳಿಗೆ ನಾನೇನ್ ಹೇಳ್ಲಿ? ನಂಗೂ ಎಪ್ಪತ್ತಾರಾಯ್ತು. ಆ ಹಸಿವು ನಂಗೊತ್ತು."

ಎಪ್ಪತ್ತಾರು ಎಂದು ಅವರೇ ಹೇಳಿದ್ದನ್ನು ಮನೆಯವರು ಕೇಳಿದ್ದು ಅದೇ ಮೊದಲು. ಬಸವರಾಜ ಹಲಗೆ ಕೆಳಗಿಟ್ಟು, ಕಣ್ಣೊರೆಸಿಕೊಂಡು, ಅಕ್ಕನ ಕಂಕುಳಿಗೆ ಕೈಕೊಟ್ಟು ಎತ್ತಿದ.

ಬೀಟೆ ಕುರ್ಚಿಯಲ್ಲಿ ಮಲ್ಲಿಕಾಂಬರನ್ನು ಕೂರಿಸಿ ಬಿಳಿ ಬಟ್ಟೆಯಿಂದ ಅದರ ಬೆನ್ನಿಗೆ ಬಿಗಿದರು. ಸಿದ್ದಲಿಂಗೇಶ್ ಪೇರಿಸಿದ್ದ ಕುರ್ಚಿಗಳನ್ನು ಬಿಡಿಸಿ ಸುತ್ತಲೂ ಹಾಕಿದ. ಒಬ್ಬೊಬ್ಬರೇ ಬಂದು ಕೈಯೂರಿ ಕೂತರು. ಸೈದಾನಿ ಬಿ ಗೆಳತಿಯ ಮಡಿಲಿಗೆ ಸೇವಂತಿಗೆ ಹಾಕಿ, "ಎಷ್ಟು ಬಡ್ಕಂಡೆ, ಒಂದ್ ಗಳಿಗೆ ಕೂತ್ಕಳೇ ಅಂತ," ಎಂದು ಅತ್ತರು.

ವಿಮಲಮ್ಮನ ಮನೆಯಿಂದ ಉಪ್ಪಿಟ್ಟು ಬಂತು, ಕಾಫಿ ಬಂತು. ಕೆಟಲ್‌ಗೆ ಮಗ ಕೈಚಾಚಿದಾಗ ಸೋಮಶೇಖರಪ್ಪ ಬಿಡಲಿಲ್ಲ. ಮೊದಲ ಲೋಟದಲ್ಲಿ ಅರ್ಧ ನೆಲಕ್ಕೆ ಹೋಯಿತು. ಎರಡನೆಯದು ಸರಿಹೋಯಿತು.

"ನಂಗೆ ಸಕ್ರೆ ಇಲ್ದಿರೋದು," ಎಂದರು ಒಬ್ಬರು.

"ನಂಗೆ ಎರಡು ಗುಟುಕು ಸಾಕಪ್ಪಾ," ಎಂದರು ಇನ್ನೊಬ್ಬರು.

ಸೋಮಶೇಖರಪ್ಪ ತಲೆಯಾಡಿಸುತ್ತ, ಬಗ್ಗಿ ಬಗ್ಗಿ ಕೊಡುತ್ತ ಹೋದರು. ಸೊಂಟ ಹಿಡಿದುಕೊಂಡಿತು.

"ನೀನೂ ಕೂತ್ಕೋ ಅಣ್ಣಾ," ಎಂದರು ಸೈದಾನಿ ಬಿ.

"ಎಲ್ಲಾರ್ದೂ ಆಗ್ಲಿ."

ಕೊನೆಯ ಲೋಟ ತುಂಬಿಸಿ ಬೀಟೆ ಕುರ್ಚಿಯ ಕೈಮೇಲೆ ಇಟ್ಟರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು, ಆರದಂತೆ ಅದಕ್ಕೊಂದು ತಟ್ಟೆ ಮುಚ್ಚಿದರು.