ಪೀಪಾಯಿ ಮೂಸುವವನು

ಶುಕ್ರವಾರ ಸಂಜೆ ಡೋರೀನಳ ಪಬ್ಬಿನ ನೆಲಮಾಳಿಗೆಯಿಂದ ಬ್ರಯನಿ ಮೇಲೆ ಹತ್ತಿ ಬಂದಳು. ಅವಳ ಮುಖ ನೋಡಿದ್ದೇ ನಾರ್ಮನ್ ಕೆಮ್ಸ್ಲಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಮಗಳ ಮುಖ ಓದುವುದರಲ್ಲಿ ಅವನು ಈಚೆಗೆ ಬಹಳ ಪಳಗಿದ್ದ. ಅದಕ್ಕೆ ಕಾರಣವಿತ್ತು. ಆ ಕಾರಣವನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಅಪ್ಪಾ, ಸ್ವಲ್ಪ ಹಿತ್ತಲಿಗೆ ಬಾ" ಎಂದಳು.

ಹಿತ್ತಲಲ್ಲಿ ಖಾಲಿ ಪೀಪಾಯಿಗಳ ನಡುವೆ ನಿಂತು ಕೈಯಲ್ಲಿದ್ದ ಗ್ಲಾಸನ್ನು ಅವನ ಮುಂದೆ ಹಿಡಿದಳು. ತಮ್ಮ ಬ್ರೂವರಿಯಲ್ಲಿ ಮಾಡಿದ ಈ ವರ್ಷದ ಹಸಿ ಹಾಪಿನ ಬಿಟರ್, ಹಾಪ್ ಬಳ್ಳಿಯ ಹೂವಿನಿಂದ ಕಹಿ ಬರಿಸಿದ ಬಿಯರು. ವರ್ಷಕ್ಕೊಮ್ಮೆ, ಹಾಪ್ ಕೊಯ್ಲಿನ ಕಾಲದಲ್ಲಿ ಮಾತ್ರ ಮಾಡುವಂಥದ್ದು. ಒಣಗಿಸದ ಹೂವನ್ನು ಬಳ್ಳಿಯಿಂದ ಬಿಡಿಸಿದ ದಿನವೇ ಹಂಡೆಗೆ ಸುರಿದು ಕುದಿಸಬೇಕು. ತಡವಾದರೆ ಹೂ ಒಳಗೊಳಗೇ ಬೆವರಿ ಕೆಡುತ್ತದೆ. ನಾಳೆ ಶನಿವಾರ ಮಧ್ಯಾಹ್ನ ಊರೆಲ್ಲ ಬಂದು ಇದರ ಮೊದಲ ಪೈಂಟು ಗ್ಲಾಸು ಕುಡಿಯಬೇಕಿತ್ತು.

"ಕೆಟ್ಟಿದೆ" ಎಂದಳು ಬ್ರಯನಿ.

"ಇನ್ನೂ ಮಡ್ಡಿ ತಳ ಕೂತಿರಲ್ಲ. ನಾಳೆ ಹೊತ್ತಿಗೆ ಸರಿ ಹೋಗುತ್ತೆ."

"ತಳ ಕೂತಿದೆ. ಬೆಳಕಿಗೆ ಹಿಡಿದ್ರೆ ಆ ಕಡೆ ಕಾಣುತ್ತೆ, ಅಷ್ಟು ತಿಳಿಯಾಗಿದೆ. ನಾನು ಹೇಳ್ತಿರೋದು ವಾಸನೆ. ಆಸ್ಪತ್ರೆ ವಾಸನೆ ಬರ್ತಿದೆ ಅಪ್ಪಾ. ಗಾಯಕ್ಕೆ ಹಚ್ತಾರಲ್ಲ, ಆ ಔಷಧಿ ಥರ. ಮೂಸಿ ನೋಡು."

ನಾರ್ಮನ್ ಗ್ಲಾಸು ತೆಗೆದುಕೊಂಡ. ಮೂಗಿನ ಹತ್ತಿರ ತಂದ. ಕಣ್ಣು ಮುಚ್ಚಿದ. ಮೊದಲಿನಿಂದಲೂ ಅವನು ಹಾಗೇ ಮಾಡುತ್ತಿದ್ದ. ಈಗ ಮುಚ್ಚಿದ ಕಣ್ಣಿನ ಹಿಂದೆ ಏನೂ ಇರಲಿಲ್ಲ. ಗಾಜಿನ ತಂಪು ಮೂಗಿನ ತುದಿಗೆ ತಗುಲಿತು, ಅಷ್ಟೇ.

ಎರಡು ಚಳಿಗಾಲದ ಹಿಂದೆ ಜ್ವರ ಬಂದು ಮಲಗಿದ್ದಾಗ ಅವನ ಮೂಗು ಸತ್ತುಹೋಗಿತ್ತು. ಜ್ವರ ಬಿಟ್ಟಿತು, ಮೈಯಲ್ಲಿ ಕಸುವು ಬಂತು, ವಾಸನೆ ಮಾತ್ರ ವಾಪಸ್ಸು ಬರಲಿಲ್ಲ. ಹಸಿ ಹುಲ್ಲು, ಕಾಫಿ, ಮೊಳೆತ ಬಾರ್ಲಿ, ಹೆಂಡತಿಯ ಕೂದಲು, ಒಂದೂ ಇಲ್ಲ. ನಾಲಗೆಗೆ ಉಪ್ಪು, ಸಿಹಿ, ಹುಳಿ, ಕಹಿ ಇಷ್ಟು ಉಳಿದಿದ್ದವು. ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಬರುತ್ತದೆ ಎಂದುಕೊಂಡು ಅವನು ಸುಮ್ಮನಿದ್ದ. ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು. ಬ್ರೂವರಿಯಲ್ಲಿ ಹೊಸ ಬಿಯರು ಬಂದಾಗ ಮೊದಲು ಮಗಳ ಕೈಗೆ ಕೊಡುತ್ತಿದ್ದ. ಅವಳ ಹುಬ್ಬು ಮೇಲೆದ್ದರೆ ಸರಿಯಿಲ್ಲ, ತುಟಿಯ ಅಂಚು ಸಡಿಲಾದರೆ ಸರಿ. ಅದನ್ನು ನೋಡಿಕೊಂಡು ತಾನೂ ಒಂದು ಗುಟುಕು ಕುಡಿದು, ಅವಳಿಗೆ ತಿಳಿದದ್ದನ್ನೇ ತನ್ನ ಮಾತು ಮಾಡಿ ಹೇಳುತ್ತಿದ್ದ. ಅಪ್ಪನಿಗೂ ತನಗೂ ಒಂದೇ ಮೂಗು ಎಂದು ಅವಳು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಅವನು ಗುಟುಕರಿಸಿದ. ಕಹಿ ನಾಲಗೆಯ ಬುಡಕ್ಕೆ ಇಳಿದು ಗಂಟಲಲ್ಲಿ ನಿಂತಿತು. ಗಟ್ಟಿ ಕಹಿ, ಚೊಕ್ಕ ಕಹಿ. ಅವನ ಮಟ್ಟಿಗೆ ಅದರಲ್ಲಿ ಒಂದು ಕುಂದೂ ಇರಲಿಲ್ಲ.

"ಪೀಪಾಯಿ ಮೂಸಿದ್ಯಾ?" ಎಂದಳು ಬ್ರಯನಿ.

ಬಿಯರು ತುಂಬಿಸುವ ದಿನ ಪೀಪಾಯಿ ತೊಳೆಯುವ ಹಬೆಯ ಯಂತ್ರ ಕೈಕೊಟ್ಟಿತ್ತು. ಪೀಪಾಯಿಗಳನ್ನು ಬ್ಲೀಚಿಂಗ್ ನೀರಲ್ಲಿ ತೊಳೆದಿದ್ದರು. ಹಾಗೆ ತೊಳೆದ ಮೇಲೆ ಒಳ್ಳೆ ನೀರು ಹಾಕಿ ಹಾಕಿ ಜಾಲಾಡಬೇಕು. ಒಂದಿಷ್ಟು ಬ್ಲೀಚು ಉಳಿದರೂ ಬಿಯರಿಗೆ ಸೇರಿ ಔಷಧಿ ವಾಸನೆ ಹುಟ್ಟಿಸುತ್ತದೆ. ಸಾಕಾಯಿತೋ ಇಲ್ಲವೋ ಎಂದು ಹೇಳಲು ಇರುವುದು ಮೂಗೊಂದೇ. ಬ್ರಯನಿ ಅವತ್ತು ಒಳಗೆ ತೊಟ್ಟಿಯ ಹತ್ತಿರವಿದ್ದಳು. ನಾರ್ಮನ್ ಅಂಗಳದಲ್ಲಿ ಒಂದೊಂದು ಪೀಪಾಯಿಗೂ ಬಗ್ಗಿ, ತೂತಿಗೆ ಮೂಗಿಟ್ಟು, ಉಸಿರೆಳೆದು, ಅಂಗೈಯಲ್ಲಿ ಅದರ ಹೊಟ್ಟೆಗೆ ತಟ್ಟಿ "ಇದು ಆಯ್ತು" ಎನ್ನುತ್ತ ಮುಂದೆ ಹೋಗಿದ್ದ. ಅವನ ಅಪ್ಪನೂ ಹಾಗೇ ತಟ್ಟುತ್ತಿದ್ದ.

"ಮೂಸದೆ ತುಂಬಿಸ್ತೀನಾ? ಎಲ್ಲಾನೂ ಮೂಸಿದೀನಿ."

"ಹಾಗಿದ್ರೆ ಈ ವಾಸನೆ ಎಲ್ಲಿಂದ ಬಂತು?"

ಈಗ ಹೇಳಬಹುದಾಗಿತ್ತು. ನಾಲ್ಕು ಮಾತು, ಅಷ್ಟೇ. ಆದರೆ ಆ ನಾಲ್ಕು ಮಾತಿನ ಹಿಂದೆ ಎರಡು ವರ್ಷದ ಮಾತುಗಳೆಲ್ಲ ಸಾಲುಗಟ್ಟಿ ನಿಂತಿದ್ದವು.

"ವಾಸನೆ ಇಲ್ಲ" ಎಂದ. "ನಿಂಗೆ ನೆಗಡಿ ಆಗಿರ್ಬೇಕು."

"ನೆಗಡಿ ಇಲ್ಲ."

"ಮತ್ತೆ ಹಸಿ ಹಾಪು ಅಂದ್ರೆ ಏನು ಅಂತ ನಿಂಗಿನ್ನೂ ತಿಳಿದಿಲ್ಲ. ಇದನ್ನೇ ಹಿಡಿಯೋಕೆ ಆಗದೋಳು ಜನವರಿಯಿಂದ ಹೇಗೆ ನಡೆಸ್ತೀಯೋ ನೋಡ್ತೀನಿ."

ಜನವರಿಯಿಂದ ಬ್ರೂವರಿ ಅವಳ ಕೈಗೆ ಬರುವುದಿತ್ತು. ಬೋರ್ಡಿನ ಮೇಲೆ ಯಾವ ಬಣ್ಣದಲ್ಲಿ ಹೆಸರು ಬರೆಸಬೇಕೆಂಬುದನ್ನೂ ಅವಳು ಯೋಚಿಸಿಟ್ಟಿದ್ದಳು. ಅವನ ಕೈಯಿಂದ ಗ್ಲಾಸನ್ನು ವಾಪಸ್ಸು ತೆಗೆದುಕೊಂಡು ಇನ್ನೊಮ್ಮೆ ಮೂಸಿದಳು. ಮೂಗು ತೆಗೆಯಲಿಲ್ಲ.

"ನಂಗೆ ಬರ್ತಿದೆಯಲ್ಲಪ್ಪಾ" ಎಂದಳು ಮೆಲ್ಲಗೆ. ಅದು ವಾದ ಮಾಡುವ ದನಿಯಾಗಿರಲಿಲ್ಲ.

ಅವನು ವ್ಯಾನಿನ ಕಡೆ ನಡೆದ.

ಶನಿವಾರ ಮಧ್ಯಾಹ್ನ ಪಬ್ಬು ತುಂಬಿತ್ತು. ಹಾಪ್ ಬಳ್ಳಿಯ ತೋರಣವನ್ನು ಡೋರೀನ್ ಬಾರಿನ ಮೇಲೆ ಉದ್ದಕ್ಕೂ ಕಟ್ಟಿದ್ದಳು. ಆ ಊರಲ್ಲಿ ಹಸಿ ಹಾಪಿನ ಮೊದಲ ಪೈಂಟನ್ನು ಬಿಯರು ಮಾಡಿದವನೇ ಬಾರಿನ ಕೈಪಂಪಿನಿಂದ ಎಳೆದುಕೊಂಡು ಕುಡಿಯಬೇಕು. ಅವನು ಅರ್ಧ ಗ್ಲಾಸು ಇಳಿಸುವ ತನಕ ಯಾರೂ ಬಾಯಿ ಬಿಡುವಂತಿಲ್ಲ. ಅವನು "ಆಗಬಹುದು" ಎಂದ ಮೇಲೆ ಮಿಕ್ಕವರಿಗೆ. ಆಹಾ ಓಹೋ ಎಂದರೆ ಜಂಬ, ಏನೂ ಹೇಳದಿದ್ದರೆ ಅಪಶಕುನ.

ನಾರ್ಮನ್ ಎಳೆದ. ನೊರೆ ಚೆನ್ನಾಗಿ ನಿಂತಿತು. ಮೂಸಿದ. ಕುಡಿದ. ಅಷ್ಟೂ ಜನ ಅವನ ಗಂಟಲನ್ನೇ ನೋಡುತ್ತಿದ್ದರು. ಕಿಟಕಿಯ ಪಕ್ಕ ಬ್ರಯನಿ ತೋಳು ಕಟ್ಟಿ ನಿಂತಿದ್ದಳು. ಈ ಸಲ ಅವಳ ಮುಖದಲ್ಲಿ ಓದಲು ಏನೂ ಸಿಗಲಿಲ್ಲ. ಅವಳೇ ಅವನ ಮುಖವನ್ನು ಓದುತ್ತಿದ್ದಳು.

"ಆಗಬಹುದು" ಎಂದ.

ಗದ್ದಲ ಎದ್ದಿತು. ಡೋರೀನ್ ಒಂದೇ ಸಮನೆ ಪಂಪು ಎಳೆದಳು. ಗ್ಲಾಸುಗಳು ಕೈಯಿಂದ ಕೈಗೆ ದಾಟಿ ಹಿಂದಿನ ಬೆಂಚಿನವರೆಗೂ ಹೋದವು. ಆಮೇಲೆ, ಪ್ರತಿ ವರ್ಷ ಮಾತು ಇನ್ನೂ ಜೋರಾಗುವ ಹೊತ್ತಿಗೆ, ಈ ವರ್ಷ ಅದು ತಗ್ಗಿತು.

"ಈ ಸಲ ಬೇರೆ ಥರ ಇದೆ ನಾರ್ಮನ್" ಎಂದ ಒಬ್ಬ.

"ಹೂಂ. ಬೇರೆ ಥರಾನೇ" ಎಂದ ಅವನ ಜೊತೆಯವ. "ಖಡಕ್ಕಾಗಿದೆ."

"ಕುಡೀತಾ ಕುಡೀತಾ ರುಚಿ ಹತ್ತುತ್ತೆ ಅನ್ಸುತ್ತೆ" ಎಂದಳು ಅಂಚೆ ಕಚೇರಿಯ ಹೆಂಗಸು. ಹಾಗೆಂದವಳು ಮತ್ತೆ ಗ್ಲಾಸು ಎತ್ತಲಿಲ್ಲ.

ಬೇರೆ ದಿನವಾದರೆ ಇದೇ ಜನ ಪೈಂಟು ಒಂದಿಷ್ಟು ಮಂಕಾಗಿದ್ದರೂ ಬಾರಿನ ಮೇಲೆ ತಂದಿಟ್ಟು "ಬದಲಾಯಿಸಿಕೊಡು" ಎನ್ನುತ್ತಿದ್ದರು. ಡೋರೀನ್ ಯಾಕೆಂದು ಕೇಳದೆ ಬೇರೆ ಕೊಡುತ್ತಿದ್ದಳು. ಪಬ್ಬಿನ ನಡವಳಿಕೆಯೇ ಅದು. ಆದರೆ ಮಾಡಿದವನು ಎದುರಿಗೇ ನಿಂತಿರುವಾಗ, ಅದೂ ಈ ದಿನ, ಯಾರು ತಂದಿಡುತ್ತಾರೆ? ಹವಾಮಾನದ ಮಾತಾಡಿದರು. ರಸ್ತೆಯ ಗುಂಡಿಯ ಮಾತಾಡಿದರು. ಗ್ಲಾಸುಗಳನ್ನು ಕಿಟಕಿಯ ಕಟ್ಟೆಯ ಮೇಲೆ, ಕುರ್ಚಿಯ ಕಾಲ ಹತ್ತಿರ, ಹೂಕುಂಡದ ಹಿಂದೆ ಇಟ್ಟು ಮರೆತವರಂತೆ ಕೂತರು. ನಾರ್ಮನ್ ಕಣ್ಣಿಗೆ ಆ ಗ್ಲಾಸುಗಳಲ್ಲದೆ ಬೇರೇನೂ ಬೀಳಲಿಲ್ಲ. ಎಲ್ಲದರಲ್ಲೂ ಬಿಯರು ಕುತ್ತಿಗೆಯವರೆಗೂ ಇತ್ತು.

ಅವನು ಹಿತ್ತಲಿಗೆ ಹೋದ. ವಿಲ್ಫ್ ಒವೆಂಡೆನ್ ಹಿಂದೆಯೇ ಬಂದ. ಹಾಪ್ ತೋಟದ ಮುದುಕ. ಆ ಬಿಯರಿಗೆ ಬಿದ್ದ ಹೂವೆಲ್ಲ ಅವನದೇ. ಕೈಯಲ್ಲಿದ್ದ ಪೈಂಟನ್ನು ಮಾತಿಲ್ಲದೆ ಚರಂಡಿಗೆ ಸುರಿದ.

"ಯಾವಾಗಿಂದ ಕಣೋ?" ಎಂದ.

"ಏನು ಯಾವಾಗಿಂದ?"

"ನಿನ್ನ ಮೂಗು ಸತ್ತು ಎಷ್ಟು ದಿನ ಆಯ್ತು ಅಂತ ಕೇಳ್ತಿದೀನಿ. ನಾಟಕ ಸಾಕು. ಮೂಗಿರೋ ಮನುಷ್ಯ ಇದನ್ನ ಬಾಯಿಗೆ ಇಡಲ್ಲ. ನನ್ನ ಹೂವನ್ನ ತಗೊಂಡ್ಹೋಗಿ ಹೆಣದ ಮನೇಲಿ ತೊಳೆದ ಹಾಗಿದೆ."

ನಾರ್ಮನ್ ಗೋಡೆಗೆ ಒರಗಿದ. "ಎಲ್ಲರಿಗೂ ಗೊತ್ತಾಗಿದೆಯಾ?"

"ಬಾಗಿಲಲ್ಲಿ ಕಟ್ಟಿಹಾಕಿರೋ ನಾಯಿಗೂ ಗೊತ್ತಾಗಿದೆ."

"ಮತ್ತೆ ಯಾರೂ ಹೇಳ್ಲಿಲ್ಲ?"

"ನಿನ್ನ ಮುಖಕ್ಕೆ? ಈ ಊರೋರಾ?" ವಿಲ್ಫ್ ನಗಲು ಹೋಗಿ ಕೆಮ್ಮಿದ. "ಮನೆಗೆ ಹೋಗಿ ಹೆಂಡ್ತಿಗೆ ಹೇಳ್ತಾರೆ. ನಾಳೆ ಚರ್ಚಿನ ಹತ್ರ ಹೇಳ್ತಾರೆ. ನಿಂಗೆ ಮಾತ್ರ ನೀನು ಸಾಯೋ ತನಕ ಹೇಳಲ್ಲ. ನಿನ್ನ ವಿಷಯ ಬಿಡು, ಅನುಭವಿಸ್ತೀಯ. ಒಳಗೆ ಆ ಹುಡುಗಿ ಎರಡನೇ ಪೈಂಟು ಹಿಡ್ಕೊಂಡು ಕೂತಿದಾಳೆ. ಎಲ್ರೂ ಕುಡೀತಿದಾರಲ್ಲ ವಿಲ್ಫ್, ನಂಗೊಬ್ಬಳಿಗೇ ಯಾಕೆ ಹೀಗಾಗ್ತಿದೆ ಅಂತ ಕೇಳಿದ್ಲು. ನಾನೂ ಬಾಯಿ ಮುಚ್ಕೊಂಡು ಬಂದೆ. ಅದನ್ನ ಹೇಳೋದು ನನ್ನ ಕೆಲ್ಸ ಅಲ್ಲ."

ನಾರ್ಮನ್ ಒಳಗೆ ಬಂದ. ಬ್ರಯನಿ ಕಿಟಕಿಯ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಮದ್ದು ಕುಡಿಯುವ ಮಗುವಿನ ಹಾಗೆ ಉಸಿರು ಬಿಗಿಹಿಡಿದು ಒಂದು ಗುಟುಕು ನುಂಗಿದಳು. ಪಕ್ಕದಲ್ಲಿ ಕೂತ ಅಪ್ಪನ ಕಡೆ ತಿರುಗದೆ ಹೇಳಿದಳು:

"ಜನವರಿ ಬೇಡ ಅಪ್ಪಾ."

"ಯಾಕೆ?"

"ಈಗಲೂ ನಂಗದೇ ವಾಸನೆ. ಬೆಳಿಗ್ಗೆ ಚಹಾ ಮೂಸಿದೆ, ಸೋಪು ಮೂಸಿದೆ. ಸರಿಯಾಗೇ ಇದೆ ಅನ್ಸುತ್ತೆ, ಆಮೇಲೆ ಅದೂ ನನ್ನ ಭ್ರಮೆಯೇನೋ ಅನ್ಸುತ್ತೆ. ನಿನ್ನೆ ನೀನು ಹೇಳಿದ್ದು ನಿಜ. ಇದನ್ನೇ ಹಿಡಿಯೋಕೆ ಆಗದೋಳು ನಾನು. ಬೇರೆ ಯಾರನ್ನಾದ್ರೂ ನೋಡು, ಇಲ್ಲಾ ನೀನೇ ಇನ್ನೊಂದಷ್ಟು ವರ್ಷ ನಡೆಸು."

ನೀನೇ ಇನ್ನೊಂದಷ್ಟು ವರ್ಷ. ಆ ಮಾತು ಅವನ ಮುಂದೆ ಬಂದು ಕೂತಿತು. ಸುಮ್ಮನಿದ್ದರೆ ಸಾಕಿತ್ತು. ಹಬೆಯ ಯಂತ್ರ ರಿಪೇರಿಯಾಗುತ್ತದೆ, ಮುಂದಿನ ಬಿಯರು ಚೆನ್ನಾಗಿ ಬರುತ್ತದೆ, ಊರು ಈ ಶನಿವಾರವನ್ನು ಮರೆತ ಹಾಗೆ ನಟಿಸುತ್ತದೆ. ತನ್ನ ಮೂಗಿನ ಮೇಲೆ ನಂಬಿಕೆ ಕಳೆದುಕೊಂಡ ಮಗಳು ಅವನ ಪಕ್ಕದಲ್ಲೇ ಕೆಲಸಕ್ಕಿರುತ್ತಾಳೆ, ಅವನು ಅವಳ ಹುಬ್ಬು ನೋಡಿಕೊಂಡು ಕಾಲ ಕಳೆಯುತ್ತಾನೆ. ಎಷ್ಟು ಸಲೀಸಾಗಿತ್ತು ಅದು. ಕ್ಷಣಕಾಲ ಅವನಿಗೆ ಆಸೆಯೇ ಆಯಿತು. ಆ ಆಸೆ ತನ್ನದೇ ಎಂದು ತಿಳಿದಾಗ ನಾಚಿಕೆಯಾಯಿತು.

"ವಾಸನೆ ಇದೆ" ಎಂದ.

ಅವಳು ತಿರುಗಿದಳು.

"ಆಸ್ಪತ್ರೆ ವಾಸನೆ. ನೀನು ಹೇಳಿದ್ದೇ ಸರಿ. ನಂಗೆ ಬರಲ್ಲ. ಯಾವ ವಾಸನೆನೂ ಬರಲ್ಲ, ಆ ಜ್ವರ ಬಂದಾಗಿಂದ."

ಮೆಲ್ಲಗೇ ಹೇಳಿದ್ದ. ಆದರೆ ಆ ದಿನ ಆ ಪಬ್ಬಿನಲ್ಲಿ ಮೆಲ್ಲಗಿನ ಮಾತು ಮುಚ್ಚಿಡುವಷ್ಟು ಗದ್ದಲವಿರಲಿಲ್ಲ. ಹತ್ತಿರದ ಮೇಜಿನವರು ಮಾತು ನಿಲ್ಲಿಸಿದರು. ಆಚೆಯವರು ಅವರನ್ನು ನೋಡಿ ನಿಲ್ಲಿಸಿದರು.

"ಪೀಪಾಯಿ ಮೂಸಿದೆ ಅಂದ್ಯಲ್ಲ."

"ಮೂಸಿದೆ. ಮೂಗಿಟ್ಟೆ."

"ಎರಡು ವರ್ಷದಿಂದ?"

ಅವನು ಹೌದೆಂದು ತಲೆಯಾಡಿಸಿದ.

"ಹಾಗಿದ್ರೆ ಅಷ್ಟೂ ದಿನ ನೀನು ನನ್ನ..." ಎಂದವಳು ನಿಲ್ಲಿಸಿದಳು. ಅವನು ತನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದ ಮಧ್ಯಾಹ್ನಗಳು ಅವಳಿಗೆ ಒಂದೊಂದಾಗಿ ನೆನಪಾಗುತ್ತಿರಬೇಕು. ಅವಳು ಬಯ್ಯಲಿ ಎಂದು ಅವನು ಕಾದ.

"ನಿನ್ನೆ ಹೇಳಿದ್ರೆ ಆಗ್ತಿತ್ತಲ್ಲಪ್ಪಾ" ಎಂದಳು. "ನಿನ್ನೆ ನಾವಿಬ್ರೇ ಇದ್ವಿ. ಬರೀ ಪೀಪಾಯಿ ಕೆಟ್ಟಿತ್ತು, ಅಷ್ಟೇ."

ಎದ್ದು ಬಾರಿನ ಹತ್ತಿರ ಹೋಗಿ ಗ್ಲಾಸನ್ನು ಇಟ್ಟಳು. "ಡೋರೀನ್, ಇದು ಸರಿಯಿಲ್ಲ. ಬದಲಾಯಿಸಿಕೊಡಿ."

"ಕೊಡ್ತೀನಿ ಪುಟ್ಟಾ" ಎಂದಳು ಡೋರೀನ್. ಅವಳು ನಾರ್ಮನ್ ಕಡೆ ನೋಡಲಿಲ್ಲ.

ಬ್ರಯನಿ ಬದಲಿಗೆ ಕಾಯಲಿಲ್ಲ. ಕೋಟು ತೆಗೆದುಕೊಂಡು, ಬಾಗಿಲಲ್ಲಿದ್ದ ವಿಲ್ಫ್‌ಗೆ "ನನ್ನನ್ನ ಮನೆಗೆ ಬಿಡ್ತೀರಾ?" ಎಂದು ಕೇಳಿ ಹೊರಟುಹೋದಳು. ವಿಲ್ಫ್‌ನ ಹಳೆಯ ಗಾಡಿ ಎರಡು ಸಲ ಕೆಮ್ಮಿ ಶುರುವಾದದ್ದು ಒಳಗೆ ಎಲ್ಲರಿಗೂ ಕೇಳಿಸಿತು.

ಆಮೇಲೆ ಅಂಚೆ ಕಚೇರಿಯ ಹೆಂಗಸು ಎದ್ದಳು. ಹೂಕುಂಡದ ಹಿಂದಿನಿಂದ ತನ್ನ ಗ್ಲಾಸು ತಂದು ಬಾರಿನ ಮೇಲಿಟ್ಟಳು. ಅವಳ ಹಿಂದೆ "ಖಡಕ್ಕಾಗಿದೆ" ಎಂದವನು. ಕಿಟಕಿಯ ಕಟ್ಟೆಯಿಂದ, ಕುರ್ಚಿಯ ಕಾಲಿನಿಂದ, ಹಿಂದಿನ ಬೆಂಚಿನಿಂದ ಗ್ಲಾಸುಗಳು ಒಂದೊಂದಾಗಿ ಬಂದವು. ಗಾಜು ಮರಕ್ಕೆ ತಗುಲುವ ಸದ್ದು ಮಾತ್ರ, ಮತ್ತೆ ಮತ್ತೆ. ಬಾರಿನ ಉದ್ದಕ್ಕೂ ಅವನ ಬಿಯರು ತಿಳಿಯಾಗಿ, ಜೇನಿನ ಬಣ್ಣದಲ್ಲಿ, ಸಾಲಾಗಿ ನಿಂತಿತು. ನೋಡಲು ಬಹಳ ಚೆನ್ನಾಗಿತ್ತು.

ನಾರ್ಮನ್ ಕೊನೆಗೆ ತನ್ನದನ್ನೂ ತಂದಿಟ್ಟ. ಡೋರೀನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಅವನನ್ನು ನೋಡಿದಳು. ಎಲ್ಲರನ್ನೂ ಕೇಳಿದ್ದನ್ನೇ ಅವನನ್ನೂ ಕೇಳಬೇಕಿತ್ತು, ಕೇಳಿದಳು.

"ನಿಂಗೆ ಯಾವುದು ಕೊಡ್ಲಿ?"

ಪಂಪುಗಳ ಮೇಲಿನ ಬಿಯರುಗಳ ಹೆಸರುಗಳನ್ನು ಅವನು ಈ ತುದಿಯಿಂದ ಆ ತುದಿಯವರೆಗೆ ಓದಿದ.

"ಯಾವುದಾದ್ರೂ ಕೊಡು" ಎಂದ. "ನಂಗೆಲ್ಲಾ ಒಂದೇ."