ಪೂವಪ್ಪ ಸರ್ ಕೇಳಿದ ಟೈಮ್‌ಔಟ್

ಪರೇಲಿನ ಒಂದು ಆಫೀಸಿನಲ್ಲಿ ಏಣಿ ಹತ್ತಿ ಎಸಿಯ ಫಿಲ್ಟರ್ ಬಿಚ್ಚುತ್ತಿದ್ದೆ. ಕೆಳಗೆ ಇಬ್ಬರು ಹುಡುಗರು ಒಂದೇ ಮೊಬೈಲಿಗೆ ತಲೆ ಕೊಟ್ಟು ನಗುತ್ತಿದ್ದರು. ನಗುವವರು ನಗಲಿ, ನನಗೇನು ಎಂದುಕೊಂಡೆ. ಅಷ್ಟರಲ್ಲಿ ಮೊಬೈಲಿನಿಂದ ಒಂದು ಸೀಟಿ ಕೇಳಿಸಿತು. ಆ ಸೀಟಿ ನನಗೆ ಗೊತ್ತಿತ್ತು. ಅದರ ಹಿಂದೆಯೇ ಏಳುವ ಗದ್ದಲವೂ ಗೊತ್ತಿತ್ತು. ಅದು ನನ್ನ ತಂಗಿ ಆರ್ಜೂಳ ಕ್ಲಿಪ್.

"ಈ ಹುಡುಗಿಗೆ ಬಾಲ್ ಯಾಕೆ ಕೊಡ್ತಾರೆ ಯಾರ್, ಪ್ಲೇಟ್ ಕೊಡಿ" ಎಂದ ಒಬ್ಬ.

ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಇಳಿದುಬಿಟ್ಟಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಇಳಿಯಲಿಲ್ಲ. ಫಿಲ್ಟರಿನ ಧೂಳನ್ನು ಅವರ ತಲೆಯ ಮೇಲೆ ಕೊಡವಿದೆ. "ಅಬೇ ದೇಖ್ ಕೇ" ಎಂದು ಬೈದು ಎದ್ದು ಹೋದರು.

ಆರ್ಜೂ ಮಾಟುಂಗದ ಒಂದು ಕಾಲೇಜಿನಲ್ಲಿ ಓದುತ್ತಾಳೆ, ಬಾಸ್ಕೆಟ್‌ಬಾಲ್ ಆಡುತ್ತಾಳೆ. ಅವಳಿಗೆ ಸೀಟು ಸಿಕ್ಕಿದ್ದೇ ಆಟದ ಕೋಟಾದಲ್ಲಿ. ಅದಕ್ಕೆ ಮೂರು ದಿನ ಮೊದಲು ಸೆಮಿಫೈನಲ್ ಇತ್ತು. ರಂಜಾನ್ ತಿಂಗಳು. ಆಟ ಕೊನೆಯ ಭಾಗಕ್ಕೆ ಬಂದಿತ್ತು, ನಮ್ಮವರು ಮುಂದಿದ್ದರು. ಆಗ ಹೊತ್ತು ಮುಳುಗಿ ಹತ್ತಿರದ ಮಸೀದಿಯಲ್ಲಿ ಅಜಾನ್ ಆಯಿತು, ಉಪವಾಸ ಬಿಡುವ ಹೊತ್ತು. ಕೋಚ್ ಪೂವಪ್ಪ ಸರ್ ಒಂದು ಕೈಯ ಮೇಲೆ ಇನ್ನೊಂದು ಅಂಗೈ ಅಡ್ಡ ಇಟ್ಟು ಟೈಮ್‌ಔಟ್ ಕೇಳಿದರು. ಆಟ ನಿಂತಿತು. ಸರ್ ಪ್ಯಾಂಟಿನ ಜೇಬಿನಿಂದ ಖರ್ಜೂರದ ಪೊಟ್ಟಣ ತೆಗೆದು ಒಂದನ್ನು ನನ್ನ ತಂಗಿಯ ಕೈಗಿಟ್ಟರು, ನೀರಿನ ಬಾಟಲಿ ಕೊಟ್ಟರು. ಅವಳು ತಿಂದಳು, ಕುಡಿದಳು. ಮತ್ತೆ ಆಟ ಶುರುವಾಯಿತು.

ಟೈಮ್‌ಔಟ್ ಬೇಕಾದಷ್ಟು ಸಲ ಸಿಗುವುದಿಲ್ಲ. ಸರ್ ಕೇಳಿದ್ದು ಉಳಿದಿದ್ದ ಕೊನೆಯದನ್ನು. ಆಟ ಮುಗಿಯುವ ಹೊತ್ತಿಗೆ ಕ್ಯಾಪ್ಟನ್ ಯಕ್ಷಿತಾ ಮೂಲೆಯಲ್ಲಿ ಸಿಕ್ಕಿಬಿದ್ದು ಬೆಂಚಿನ ಕಡೆ ನೋಡಿದಳು. ಇನ್ನು ಟೈಮ್‌ಔಟ್ ಇಲ್ಲ ಎಂದು ಸರ್ ಖಾಲಿ ಕೈ ಆಡಿಸಿದರು. ಎದುರಿನವರು ಚೆಂಡು ಕಿತ್ತುಕೊಂಡು ಹೋಗಿ ಬಾಸ್ಕೆಟಿಗೆ ಹಾಕಿದರು. ಒಂದೇ ಪಾಯಿಂಟಿನಿಂದ ಸೋತೆವು.

ಅವತ್ತೇ ಕ್ಲಿಪ್ ಬಂತು. ಬೇರೆ ಯಾರೂ ಹಾಕಿದ್ದಲ್ಲ, ಇದೇ ಕಾಲೇಜಿನ ಹುಡುಗರು ನಡೆಸುವ ಫ್ಯಾನ್ ಪೇಜ್. ಹೋದ ತಿಂಗಳು ಇದೇ ಪೇಜಿನಲ್ಲಿ ನನ್ನ ತಂಗಿಯ ಫೋಟೋ ಹಾಕಿ "ನಮ್ಮ ಶೇರ್ನಿ", ಹೆಣ್ಣು ಸಿಂಹ, ಎಂದು ಬರೆದಿದ್ದರು. ಈಗ "ಇಫ್ತಾರ್ ಟೈಮ್‌ಔಟ್". ಕೆಳಗೆ ಕಮೆಂಟುಗಳು. ಕೋಚ್ ಅಲ್ಲ, ಕೇಟರರ್. ಇವಳ ಹೊಟ್ಟೆ ತುಂಬಿತು, ನಮ್ಮ ಕಪ್ ಹೋಯಿತು. ಅದಕ್ಕಿಂತ ಕೆಳಗಿದ್ದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಹೆಸರು ನೋಡಿದ ಕೂಡಲೇ ಜನ ಎಲ್ಲಿಗೆ ಹೋಗಿ ಮುಟ್ಟುತ್ತಾರೆಂದು ಎಲ್ಲರಿಗೂ ಗೊತ್ತು.

ಏಣಿಯ ಮೇಲೆ ನಿಂತೇ ನಾನೂ ಒಂದು ಕಮೆಂಟ್ ಹಾಕಿದೆ: "ನನ್ನ ತಂಗಿ ದಿನವಿಡೀ ಹನಿ ನೀರು ಮುಟ್ಟದೆ ರೋಜಾ ಹಿಡಿದು ಆಡಿದ್ದಾಳೆ. ನಿಮ್ಮಲ್ಲಿ ಗಂಡಸಿದ್ದರೆ ಅರ್ಧ ದಿನ ಹಾಗೆ ಇದ್ದು ತೋರಿಸಿ. ಕಾಲೇಜಿನ ಗೇಟಿನ ಹತ್ತಿರ ಸಿಗುತ್ತೇನೆ."

ಸಂಜೆ ಲೋಕಲ್ ಹತ್ತಿ ಘಾಟ್ಕೋಪರ್ ತಲುಪುವುದರೊಳಗೆ ಅದರದ್ದೂ ಸ್ಕ್ರೀನ್‌ಶಾಟ್ ಹರಿದಾಡುತ್ತಿತ್ತು. ಭಾಯ್‌ಜಾನ್ ಆ ಗಯೇ, ಅಣ್ಣಾವ್ರು ಬಂದರು ಎಂದು.

ನಮ್ಮದು ಚಾಳಿನಲ್ಲಿ ಒಂದೇ ಖೋಲಿ. ಅಮ್ಮಿ ಇಫ್ತಾರಿಗೆ ಭಜಿ ಕರಿಯುತ್ತಿದ್ದಳು. ಆರ್ಜೂ ಗೋಡೆಗೆ ಮುಖ ಮಾಡಿ ಕೂತಿದ್ದಳು. ಮೊಬೈಲ್ ಆಫ್ ಮಾಡಿ ಹಾಸಿಗೆಯ ಸುರುಳಿಯೊಳಗೆ ತುರುಕಿದ್ದಳು. ಸೋತ ಮರುದಿನದಿಂದ ಕಾಲೇಜಿಗೆ ಹೋಗಿರಲಿಲ್ಲ. ಭಾನುವಾರ ಮೂರನೇ ಸ್ಥಾನದ ಮ್ಯಾಚ್ ಇತ್ತು. ಬರುತ್ತೀಯಾ ಇಲ್ಲವಾ ಎಂದು ಟೀಮಿನವರು ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ.

"ಬ್ಯೂಟಿ ಪಾರ್ಲರ್ ಕೆಲಸ ಕಲೀತಾಳಂತ" ಎಂದಳು ಅಮ್ಮಿ, ಎಣ್ಣೆಯ ಕಡೆ ನೋಡುತ್ತ. "ಕಾಲೇಜ್ ಸಾಕಂತ."

ಕಾಲೇಜು ಹೇಗೆ ಬಿಟ್ಟುಹೋಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡುತ್ತೇನೆ ಎಂದು ಯಾರೂ ಬಿಡುವುದಿಲ್ಲ. ಇವತ್ತೊಂದು ದಿನ ಹೋಗುವುದಿಲ್ಲ ಅನ್ನುತ್ತೇವೆ, ಅಷ್ಟೇ. ಭಾನುವಾರ ಇವಳು ಅಂಗಳಕ್ಕೆ ಇಳಿಯದಿದ್ದರೆ ಇನ್ನು ಎಂದೂ ಇಳಿಯುವುದಿಲ್ಲ.

"ನೀ ಹೋಗು. ನಾ ಬರ್ತೀನಿ ಜೋಡಿ. ಯಾವನು ಏನಂತಾನ ನೋಡೂಣು" ಎಂದೆ. "ಇವತ್ತ ಒಂದು ಕಮೆಂಟ್ ಒಗದೀನಿ, ಎಲ್ಲರೂ ಉರ್ಕೊಂಡಾರ."

ಅಮ್ಮಿ ತಟ್ಟನೆ ತಿರುಗಿದಳು. "ಏನ್ ಬರ್ದೀ?"

ಓದಿ ಹೇಳಿದೆ. ಅವಳ ಮುಖ ಇಳಿಯಿತು. "ತೆಗಿ ಅದನ್ನ."

"ಯಾಕ್ ತೆಗೀಲಿ? ಸುಳ್ಳ್ ಬರ್ದೀನೇನು?"

ಅಮ್ಮಿ ಆರ್ಜೂಳನ್ನು ನೋಡಿದಳು, ಮತ್ತೆ ಬಾಣಲೆಯ ಕಡೆ ತಿರುಗಿದಳು. ಆರ್ಜೂ ಗೋಡೆಗೇ ಹೇಳಿದಳು: "ಸುಳ್ಳ್ ಬರ್ದೀ ಭಾಯ್. ಅವತ್ತ್ ನಂದು ರೋಜಾ ಇರಲಿಲ್ಲ."

"ಇರಲಿಲ್ಲ ಅಂದ್ರ? ನಸುಕಿನಾಗ ಸಹರಿಗೆ ಎದ್ದಿದ್ದಿ. ನಾನೇ ನೋಡೀನಿ, ನನ್ನ ಬಾಜೂಕ ಕೂತು ರೊಟ್ಟಿ ತಿಂದಿ."

"ಎದ್ದಿದ್ದೆ."

ಅಮ್ಮಿ ಇನ್ನಷ್ಟು ಭಜಿ ಬಿಟ್ಟಳು. ಎಣ್ಣೆ ಚಟಪಟ ಅನ್ನುತ್ತಿತ್ತು. ಆಮೇಲೆ ನನಗೆ ತಿಳಿಯಿತು, ಕಿವಿ ಬಿಸಿಯಾಯಿತು. ತಿಂಗಳ ಆ ದಿನಗಳಲ್ಲಿ ಹೆಂಗಸರಿಗೆ ರೋಜಾ ಇಲ್ಲ. ಆದರೆ ಅದನ್ನು ಮನೆಯ ಗಂಡಸರ ಮುಂದೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರ ಜೊತೆ ಎದ್ದು ಉಣ್ಣುತ್ತಾರೆ, ಸಂಜೆ ಎಲ್ಲರ ಜೊತೆ ಖರ್ಜೂರ ಬಾಯಿಗಿಡುತ್ತಾರೆ, ನಡುವೆ ಎಲ್ಲೋ ಮರೆಯಲ್ಲಿ ಒಂದು ತುತ್ತು ತಿಂದುಕೊಳ್ಳುತ್ತಾರೆ. ಅಣ್ಣತಮ್ಮಂದಿರು ನೋಡಿಯೂ ನೋಡದಂತೆ ಇರುತ್ತೇವೆ. ಅವತ್ತು ಇವಳು ಮಧ್ಯಾಹ್ನ ಊಟ ಮಾಡಿ, ಹೊಟ್ಟೆತುಂಬ ನೀರು ಕುಡಿದೇ ಆಡಲು ಇಳಿದಿದ್ದಳು.

"ಮತ್ತ ಖರ್ಜೂರ ಯಾಕ್ ತಿಂದಿ?" ಎಂದೆ, ಫ್ಯಾನಿನ ಕಡೆ ನೋಡಿಕೊಂಡು.

"ಸರ್ ಕೈಯಾಗ ಹಿಡ್ಕೊಂಡ್ ನಿಂತಿದ್ರು. ತಾವಾ ಹುಡುಕಿ ತಂದಿದ್ರು. ಸುತ್ತೂ ಹುಡುಗ್ರು, ಎಲ್ಲಾರ ಕೈಯಾಗೂ ಮೊಬೈಲ್. ಏನಂತ ಹೇಳ್ಲಿ ಭಾಯ್? ಸರ್, ಬ್ಯಾಡ್ರಿ, ನನಗ ಹಿಂಗೈತಿ ಅಂತ್ಲಾ?"

ಅಷ್ಟು ಹೇಳಿ ಅವಳು ಅತ್ತಳು. ನನ್ನ ಸಿಟ್ಟಿಗೆ ಕಾಲೂರಲು ಜಾಗ ಇರಲಿಲ್ಲ. ಯಾರ ಮೇಲೆ ಮಾಡಲಿ? ಕಮೆಂಟ್ ತೆಗೆದೆ. ತೆಗೆದರೆ ಏನು, ಸ್ಕ್ರೀನ್‌ಶಾಟ್ ಊರೆಲ್ಲ ತಿರುಗುತ್ತಿತ್ತು. ಇನ್ನು ಇವಳ ನಿಜ ಹೊರಗೆ ಬಂದರೆ? ಉಪವಾಸವೇ ಇಲ್ಲದವಳಿಗೆ ಆಟ ನಿಲ್ಲಿಸಿದರು ಎಂದು ಗೊತ್ತಾದರೆ? ಈಗ ಬೈಯುತ್ತಿದ್ದವರು ಆಗ ಹಬ್ಬ ಮಾಡುತ್ತಾರೆ.

ಅಷ್ಟರಲ್ಲಿ ಯಕ್ಷಿತಾ ನನ್ನ ಮೊಬೈಲಿಗೆ ಫೋನ್ ಮಾಡಿದಳು. ಕಾಲೇಜಿನ ಸ್ಪೋರ್ಟ್ಸ್ ಕಮಿಟಿಯವರು ಸರ್ ಅನ್ನು ಕರೆದು, ಆಟ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರಂತೆ. ಸರ್ "ನನ್ನದೇ ತಪ್ಪು" ಎಂದಷ್ಟೇ ಹೇಳಿ ಎದ್ದು ಬಂದರಂತೆ. ಅವತ್ತಿನಿಂದ ಪ್ರ್ಯಾಕ್ಟೀಸಿಗೆ ಬಂದಿಲ್ಲ, ಫೋನ್ ಎತ್ತುವುದಿಲ್ಲ.

ಆರ್ಜೂ ಮುಖ ಒರೆಸಿಕೊಂಡಳು. "ನಾಳೆ ಸರ್ ಕಡೆ ಹೋಗೂಣು ಭಾಯ್. ಅವರಿಗರೆ ಹೇಳಬೇಕು."

ಮರುದಿನ ಅವಳು ಬುರ್ಖಾದ ಮುಸುಕನ್ನು ಕಣ್ಣಿನವರೆಗೂ ಎಳೆದುಕೊಂಡು ಹೊರಟಳು. ಯಾವಾಗಲೂ ಹಾಗೆ ಎಳೆದುಕೊಳ್ಳುವವಳಲ್ಲ. ಅವಳು ಲೇಡೀಸ್ ಡಬ್ಬಿಗೆ ಹತ್ತಿದಳು, ನಾನು ಪಕ್ಕದ ಡಬ್ಬಿಗೆ. ವಿದ್ಯಾವಿಹಾರ್ ಬಂತು, ಕುರ್ಲಾ ಬಂತು. ಒಳಗೆ ಯಾರಾದರೂ ಗುರುತು ಹಿಡಿದರೆ? ಮೊಬೈಲ್ ಎತ್ತಿದರೆ? ಕುರ್ಲಾದಲ್ಲಿ ಇಳಿದು ಓಡಿ ಜಾಲರಿಯಿಂದ ಇಣುಕಿದೆ. ಒಬ್ಬ ಹೆಂಗಸು "ಏ, ದಿಸತ್ ನಾಹೀ ಕಾ, ಲೇಡೀಸ್ ಆಹೇ" ಎಂದು ಬೈದಳು. ಆರ್ಜೂ ಬಾಗಿಲಿನ ಕಂಬ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

ಪೂವಪ್ಪ ಸರ್ ಕುಂದಾಪುರದ ಕಡೆಯವರು. ಸಂಜೆ ಕೋಚಿಂಗ್, ಬೆಳಿಗ್ಗೆ ಮಾಟುಂಗದಲ್ಲಿ ಭಾವನ ಉಡುಪಿ ಹೋಟೆಲಿನ ಗಲ್ಲಾ. ಅವತ್ತು ಗಲ್ಲಾದಲ್ಲಿ ಬೇರೆ ಯಾರೋ ಕೂತಿದ್ದರು. ಸರ್ ಹಿಂದುಗಡೆಯ ಸಾಮಾನಿನ ಕೋಣೆಯಲ್ಲಿ, ಈರುಳ್ಳಿ ಚೀಲಗಳ ನಡುವೆ ಕೂತು ಕರಿಬೇವು ಬಿಡಿಸುತ್ತಿದ್ದರು. ಗಡ್ಡ ಬೆಳೆದಿತ್ತು.

"ಬನ್ನಿ ಬನ್ನಿ. ನಾನು ಈಗ ಇಲ್ಲೇ" ಎಂದು ನಕ್ಕರು. "ಗಲ್ಲಾದಲ್ಲಿ ಕೂತ್ರೆ ಗಿರಾಕಿಗಳು ಬಿಡುದಿಲ್ಲ ಮಾರಾಯ. ದೋಸೆ ಸ್ವಲ್ಪ ತಡ ಆದ್ರೆ, ಎಂತ ಪೂವಪ್ಪಣ್ಣ, ಅಡಿಗೆ ಭಟ್ರು ಟೈಮ್‌ಔಟ್ ತಗೊಂಡ್ರಾ ಅಂತ ಕೇಳ್ತಾರೆ. ನಾನೂ ನಗಾಡ್ತೆ. ಎಷ್ಟು ದಿನ ನಗಾಡುದು?"

ಬಾಗಿಲಿಗೆ ಬಂದ ಸಪ್ಲಾಯರಿಗೆ "ಮೂರು ಕಾಪಿ" ಎಂದವರು ಕೂಡಲೇ ನಾಲಿಗೆ ಕಚ್ಚಿಕೊಂಡರು. "ಛೆ ಛೆ, ಬೇಡ ಬೇಡ. ನಿಮ್ಮದು ಉಪವಾಸ ಅಲ್ಲವಾ. ಮರ್ತೇ ಹೋಯ್ತು."

"ನನಗ ತರ್ಲಿ ಸರ್" ಎಂದಳು ಆರ್ಜೂ.

ಕಾಫಿ ಬಂತು. ಅವಳು ಮುಸುಕು ಕೆಳಗಿಳಿಸಿ, ಲೋಟ ಎತ್ತಿ, ನಮ್ಮಿಬ್ಬರ ಮುಂದೆಯೇ ಒಂದು ಗುಟುಕು ಕುಡಿದಳು. ರಂಜಾನ್ ತಿಂಗಳ ಹಾಡಹಗಲು ಅವಳು ಕುಡಿಯುವುದನ್ನು ನಾನು ನೋಡಿದ್ದು ಅದೇ ಮೊದಲು. ಎಲ್ಲಿ ನೋಡಬೇಕೋ ತಿಳಿಯದೆ ಈರುಳ್ಳಿ ಚೀಲ ನೋಡಿದೆ. ಸರ್ ಅವಳ ಕೈಯನ್ನೇ ನೋಡುತ್ತಿದ್ದರು.

"ಇವತ್ತು ಇಲ್ವಾ?"

"ಅವತ್ತೂ ಇರಲಿಲ್ಲ ಸರ್."

ಅವರಿಗೂ ಹೆಂಡತಿ, ಮಗಳು ಇದ್ದಾರೆ. ಅಷ್ಟರಲ್ಲೇ ತಿಳಿದುಕೊಂಡರು. ಕರಿಬೇವಿನ ಕಡ್ಡಿ ಕೈಯಲ್ಲೇ ಉಳಿಯಿತು. ಮುಖ ಕೆಂಪಾಯಿತು, ಎದ್ದು ನಿಂತರು.

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಮಾರಾಯ್ತಿ. ಬೇಡ ಸರ್ ಅಂತ ಹೇಳಿದ್ರೆ ಸಾಕಿತ್ತು. ನನ್ನ ಮಗಳು ಶಾಲೆಗೆ ಹೋಗುದಿಲ್ಲ ಅಂತ ಹಟ ಮಾಡ್ತಾಳೆ. ಅವಳ ಕ್ಲಾಸಿನವ್ರು ಆ ವಿಡಿಯೋ ತೋರಿಸಿ ನಗಾಡ್ತಾರಂತೆ. ಇದೆಲ್ಲ ಸುಳ್ಳಿಗಾ?"

ನಾನು ಎದ್ದೆ. ಇವರೂ ಬೈಯಲು ಶುರು ಮಾಡಿದರೆ ನಾನು ಸುಮ್ಮನಿರುವವನಲ್ಲ. ಆರ್ಜೂ ನನ್ನ ಅಂಗಿ ಹಿಡಿದು ಜಗ್ಗಿ ಕೂರಿಸಿದಳು.

"ಕಮಿಟಿಯವರ ಮುಂದ ನಾನೇ ಹೇಳ್ತೀನಿ ಸರ್. ತಪ್ಪು ನಂದು ಅಂತ."

"ಎಂತ ಹೇಳ್ತಿ? ಇದನ್ನಾ? ಆ ಗಂಡಸ್ರ ಎದುರಾ?" ಸರ್ ಸ್ವರ ತಗ್ಗಿತು. ಮತ್ತೆ ಚೀಲದ ಮೇಲೆ ಕೂತರು. "ಬೇಡ. ಅದು ಸಂಜೆಯೊಳಗೆ ಮೊಬೈಲಲ್ಲಿ ಬರ್ತದೆ. ಮತ್ತೆ ನಿನ್ನನ್ನು ಬದುಕ್ಲಿಕ್ಕೆ ಬಿಡುದಿಲ್ಲ. ನನಗೆ ಬೈತಾರೆ, ಬೈಲಿ. ಯಾರಿಗೂ ಹೇಳ್ಬೇಡ."

"ಹಂಗಾರ ನೀವು ಭಾನುವಾರ ಬರ್ರಿ."

ಸರ್ ಮತ್ತೆ ಕರಿಬೇವು ಕೈಗೆತ್ತಿಕೊಂಡರು. "ನನಗೆ ಈಗ ಕೈ ಎತ್ತಲಿಕ್ಕೇ ಹೆದರಿಕೆ ಆಗ್ತದೆ ಆರ್ಜೂ. ನಿನ್ನೆ ರಿಕ್ಷಾಕ್ಕೆ ಕೈ ಮಾಡ್ಲಿಕ್ಕೆ ಹೋಗಿ, ಯಾರಾದ್ರೂ ನೋಡಿದ್ರಾ ಅಂತ ತಿರುಗಿ ನೋಡಿದೆ. ಇಂಥವ ಬೆಂಚಲ್ಲಿ ಕೂತು ಎಂತ ಮಾಡ್ಲಿ? ನೀನು ಹೋಗಿ ಆಡು."

"ನನಗೂ ಚೆಂಡು ಮುಟ್ಟಾಕ ಅಂಜಿಕಿ ಬರ್ತೈತ್ರಿ" ಎಂದಳು ಆರ್ಜೂ. ಆಡುತ್ತೇನೆ ಎನ್ನಲಿಲ್ಲ.

ಭಾನುವಾರ ಅವಳು ಬೂಟನ್ನು ಬ್ಯಾಗಿಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅಮ್ಮಿ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ಕೊನೆಗೆ ಬ್ಯಾಗ್ ಹೆಗಲಿಗೇರಿಸಿ ಹೊರಟಳು. ನಾನು ಹಿಂದೆ.

ಬೆಂಚಿನಲ್ಲಿ ಕೋಚ್ ಜಾಗದಲ್ಲಿ ಕಾಲೇಜಿನ ಪಿಟಿ ಮಾಸ್ತರರು ಕೂತಿದ್ದರು. ಸರ್ ಇರಲಿಲ್ಲ. ಆರ್ಜೂ ಒಮ್ಮೆ ಸುತ್ತ ನೋಡಿದಳು, ಆಮೇಲೆ ಅಂಗಳಕ್ಕೆ ಇಳಿದಳು. ಇಳಿದದ್ದೇ ತಡ, ಶುರುವಾಯಿತು. ಅವಳ ಕೈಗೆ ಚೆಂಡು ಬಂದಾಗಲೆಲ್ಲ "ಖಜೂರ್, ಖಜೂರ್" ಎಂದು ಕೂಗು. ಎದುರಿನ ಕಾಲೇಜಿನವರಲ್ಲ, ನಮ್ಮವರೇ. ಮುಂದೆ ನಿಂತು ಕೂಗಿಸುತ್ತಿದ್ದವನು ಪೇಜ್ ನಡೆಸುವ ಅಕ್ಷಯ. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈ ಗಾಳಿಯಲ್ಲಿ. ಚೆಂಡು ಬಂದ ಕೂಡಲೇ ಆರ್ಜೂ ಬೆಂಕಿ ಮುಟ್ಟಿದವಳಂತೆ ಬೇರೆಯವರಿಗೆ ಎಸೆಯುತ್ತಿದ್ದಳು. ನಾನು ಜನರನ್ನು ನೂಕಿಕೊಂಡು ಅಕ್ಷಯನ ಕಡೆ ಹೊರಟೆ.

ಯಾರೋ ನನ್ನ ಮಣಿಕಟ್ಟು ಹಿಡಿದರು. ತಲೆಗೆ ಟೊಪ್ಪಿ, ಮುಖಕ್ಕೆ ಮಾಸ್ಕ್. ಕಣ್ಣು ನೋಡಿ ಗುರುತು ಸಿಕ್ಕಿತು.

"ನನ್ನನ್ನು ನೋಡ್ಬೇಡ. ಆಟ ನೋಡು" ಎಂದರು ಪೂವಪ್ಪ ಸರ್.

ಆರ್ಜೂಗೆ ಎದುರಿನ ಹುಡುಗಿ ಅಡ್ಡ ಬಂದು ಡಿಕ್ಕಿ ಹೊಡೆದಳು. ಫೌಲ್, ಎರಡು ಫ್ರೀ ಥ್ರೋ. ಎಲ್ಲರೂ ನಿಂತಿರುವಾಗ ಗೆರೆಯ ಮೇಲೆ ಅವಳೊಬ್ಬಳೇ ಎಸೆಯಬೇಕು. ಕೂಗು ಎಷ್ಟಾಯಿತೆಂದರೆ ಅಂಪೈರ್ ಒಮ್ಮೆ ತಿರುಗಿ ನೋಡಿದರು. ಮೊದಲನೆಯದು ರಿಂಗಿಗೆ ಬಡಿದು ಹೊರಗೆ ಬಿತ್ತು. ಎರಡನೆಯದು ರಿಂಗನ್ನೂ ಮುಟ್ಟಲಿಲ್ಲ. ನಗು ಎದ್ದಿತು. ಅಂಪೈರ್ ಸೀಟಿ ಊದಿ ಚೆಂಡನ್ನು ಎದುರಿನವರಿಗೆ ಕೊಟ್ಟರು. ಅವರು ಗೆರೆಯ ಹೊರಗಿನಿಂದ ಚೆಂಡು ಎಸೆದುಕೊಂಡು ಓಟ ಕಿತ್ತರು. ಆರ್ಜೂ ಮಾತ್ರ ಗೆರೆಯ ಮೇಲೆ ತಲೆ ತಗ್ಗಿಸಿ ನಿಂತೇ ಇದ್ದಳು. ಮುಗಿಯಿತು, ಇನ್ನು ಬ್ಯಾಗ್ ಎತ್ತಿಕೊಂಡು ಹೊರಗೆ ನಡೆಯುತ್ತಾಳೆ ಎಂದುಕೊಂಡೆ.

"ಆರ್ಜೂ, ಹಿಂದೆ ಓಡು!"

ಕಿವಿಯ ಪಕ್ಕದಲ್ಲೇ ಬಂದ ಸ್ವರ. ಸರ್ ಮಾಸ್ಕನ್ನು ಗಲ್ಲಕ್ಕೆ ಎಳೆದಿದ್ದರು, ಕೈ ಮೇಲಿತ್ತು. "ಎಡಕ್ಕೆ ಹೋಗು, ಎಡಕ್ಕೆ. ಅವಳನ್ನು ಬಿಡ್ಬೇಡ."

ಆರ್ಜೂ ಓಡಿದಳು.

ಸುತ್ತಲಿದ್ದ ತಲೆಗಳೆಲ್ಲ ಇತ್ತ ತಿರುಗಿದವು. "ಅರೇ, ಕೋಚ್ ಇಧರ್ ಹೈ" ಎಂದು ಅಕ್ಷಯ ಮೊಬೈಲ್ ತಿರುಗಿಸಿದ. ಅವನ ಹಿಂದೆ ಇನ್ನೂ ನಾಲ್ಕಾರು ಮೊಬೈಲುಗಳು ಎದ್ದವು. ನಾನು ಹಾರಿ ಹೋಗಿ ಎದೆ ಚಾಚಿ ಕ್ಯಾಮೆರಾಕ್ಕೆ ಅಡ್ಡ ನಿಂತೆ. ಸಂಜೆ ಇದೂ ಬರುತ್ತದೆ, ನಾಳೆ ಇವರ ಮಗಳ ಶಾಲೆಗೂ ಹೋಗುತ್ತದೆ, ಯಾವುದಾದರೂ ಆಫೀಸಿನಲ್ಲಿ ನನ್ನ ಏಣಿಯ ಕೆಳಗೂ ನಗುತ್ತಾರೆ. ಮುಷ್ಟಿ ತಾನೇ ಬಿಗಿಯಿತು. "ಸೈಡ್ ಹೋ ನಾ ಭಾಯ್‌ಜಾನ್" ಎಂದ ಅಕ್ಷಯ.

ಹಿಂದಿನಿಂದ ಸರ್ ನನ್ನ ಹೆಗಲು ತಟ್ಟಿದರು. ಕಣ್ಣು ಅಂಗಳದ ಮೇಲೇ ಇತ್ತು.

"ಅಕೀಲ, ಸ್ವಲ್ಪ ಸರಿ ಮಾರಾಯ. ಅವಳು ಕಾಣುದಿಲ್ಲ."

ನಾನು ಸರಿದೆ.